ಎಲ್ಲರೂ ‘ಮೇಟ್’ ಅಂತಾರೆ, ಗೆಳೆಯ ಮಾತ್ರ ಒಬ್ಬನೂ ಇಲ್ಲ

ಪ್ರಶ್ನೆ: ನನಗೆ 34 ವರ್ಷ. ಊರು ದಾವಣಗೆರೆ. ಮೆಲ್ಬರ್ನ್‌ಗೆ ಬಂದು ಒಂದೂವರೆ ವರ್ಷವಾಯಿತು. ಇಲ್ಲಿ ಒಂದು ಗೋದಾಮಿನಲ್ಲಿ ಕೆಲಸ. ಎಲ್ಲರೂ ‘ಮೇಟ್’, ಅಂದರೆ ಗೆಳೆಯ, ಎಂದೇ ಮಾತಾಡಿಸುತ್ತಾರೆ. ಆದರೆ ಸೋಮವಾರ ಬೆಳಿಗ್ಗೆ ಟೀ ಹೊತ್ತಿಗೆ ಬರೀ ಫುಟಿ (ಇಲ್ಲಿಯ ಫುಟ್‌ಬಾಲ್) ಮಾತು, ಅರ್ಧ ನನ್ನ ತಲೆಗೇ ಹೋಗುವುದಿಲ್ಲ. ನನಗೆ ಇಷ್ಟ ಕ್ರಿಕೆಟ್, ಅದು ಬಿಟ್ಟು ಬೇರೆ ಗೊತ್ತಿಲ್ಲ. ನನ್ನ ಹೆಸರನ್ನು ತುಂಡು ಮಾಡಿ ಕೊನೆಗೆ ‘ಓ’ ಸೇರಿಸಿ ಕರೆಯುತ್ತಾರೆ. ಊರಿಗೆ ಹೋಗಿ ನಾಲ್ಕು ವಾರದ ರಜೆ ಮುಗಿಸಿ ಬಂದ ದಿನ ಒಬ್ಬರು ಎಲ್ಲರೆದುರು ನಗುತ್ತಾ ‘ಯೂ ಲೇಜಿ ಬಾಸ್ಟರ್ಡ್’ ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಅವರೇ ಮೊನ್ನೆ ‘ಸಾಟರ್ಡೇ ವೀಕ್ ಫುಟಿಗೆ ಬರ್ತೀಯಾ? ಒಂದು ಟಿಕೆಟ್ ಜಾಸ್ತಿ ಇದೆ’ ಎಂದು ಕೇಳಿದರು. ‘ನೋಡ್ತೀನಿ’ ಅಂದೆ. ನಾನು ಕುಡಿಯುವವನಲ್ಲ. ಊರಲ್ಲಿ ಗೆಳೆಯರ ದಂಡೇ ಇತ್ತು. ಇಲ್ಲಿ ಮನಸ್ಸಿನ ಮಾತು ಹೇಳಿಕೊಳ್ಳಲು ಒಬ್ಬರೂ ಇಲ್ಲ. ಇವರ ಆಡುಮಾತು ಕಲಿತರೆ ಗೆಳೆತನ ಸಿಗುತ್ತದೆಯೇ? ಹೋಗಲೋ ಬೇಡವೋ? (ಹೆಸರು ಬೇಡ)

ಉತ್ತರ: ಹೋಗಿ. ಉಳಿದದ್ದನ್ನು ಆಮೇಲೆ ಓದಿ, ಮೊದಲು ಅವರಿಗೆ ‘ಬರ್ತೀನಿ’ ಎಂದು ಮೆಸೇಜ್ ಹಾಕಿ. ‘ನೋಡ್ತೀನಿ’ ಅನ್ನುವುದು ನಮ್ಮ ಕಡೆ ನೋಯಿಸದೆ ಒಲ್ಲೆ ಎನ್ನುವ ದಾರಿ. ಇಲ್ಲಿಯೂ ಅದನ್ನು ಹಾಗೇ ತಿಳಿಯುತ್ತಾರೆ. ನಮ್ಮಲ್ಲಿ ಊಟಕ್ಕೆ ಕರೆಯುವವರು ಮೂರು ಸಲ ಕರೆಯುತ್ತಾರೆ, ಕರೆಸಿಕೊಂಡವರು ಎರಡು ಸಲ ಬೇಡ ಅನ್ನುತ್ತಾರೆ. ಇಲ್ಲಿ ಕರೆಯುವುದು ಒಂದೇ ಸಲ. ನೀವು ಸುಮ್ಮನಿದ್ದರೆ ಎರಡು ದಿನ ಕಾದು ಆ ಟಿಕೆಟನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಬೇಜಾರಿನಿಂದಲ್ಲ, ನಿಮ್ಮನ್ನು ಒತ್ತಾಯ ಮಾಡಬಾರದು ಎಂದು. ಅಂದಹಾಗೆ ‘ಸಾಟರ್ಡೇ ವೀಕ್’ ಅಂದರೆ ಈ ಬರುವ ಶನಿವಾರ ಅಲ್ಲ, ಅದರ ಮುಂದಿನ ಶನಿವಾರ. ಹೊಸದಾಗಿ ಬಂದವರಿಗೆ ಇಂಗ್ಲಿಷ್ ಕಲಿಸುವ ಕೆಲಸದಲ್ಲಿ ನಾನು ಇದೇ ಊರಲ್ಲಿ 22 ವರ್ಷ ಕಳೆದಿದ್ದೇನೆ. ಈ ಒಂದು ಮಾತು ಗೊತ್ತಿಲ್ಲದೆ ಒಂದು ವಾರ ಮೊದಲೇ ಹೋಗಿ ಬಾಗಿಲು ತಟ್ಟಿದವರನ್ನು ಕಂಡಿದ್ದೇನೆ.

ಈಗ ನಿಮ್ಮ ನಿದ್ದೆ ಕೆಡಿಸಿದ ಆ ಪದದ ಬಗ್ಗೆ. ಅವರು ಇಂಗ್ಲಿಷಿನಲ್ಲಿ ಹೇಳಿದರು, ನೀವು ಕನ್ನಡದಲ್ಲಿ ಕೇಳಿಸಿಕೊಂಡಿರಿ. ಕನ್ನಡಕ್ಕೆ ಬಂದರೆ ಅದು ನೇರ ತಾಯಿಗೆ ತಾಕುವ ಬೈಗುಳ. ನೋವಾಗದೆ ಇರುತ್ತದೆಯೇ? ಆದರೆ ಈ ದೇಶದ ಗಂಡಸರ ಬಾಯಲ್ಲಿ ಆ ಪದದ ಹಳೆಯ ಅರ್ಥ ಸವೆದು ಹೋಗಿದೆ. ‘ಪೂರ್ ಬಾಸ್ಟರ್ಡ್’ ಅಂದರೆ ‘ಪಾಪ, ಕಷ್ಟದಲ್ಲಿದ್ದಾನೆ’. ‘ಲಕಿ ಬಾಸ್ಟರ್ಡ್’ ಅಂದರೆ ‘ಪುಣ್ಯ ಮಾಡಿದ್ದ’. ನಿಮಗೆ ಹೇಳಿದ್ದನ್ನು ಬಿಡಿಸಿದರೆ ಹೀಗಾಗುತ್ತದೆ: ‘ನಾಲ್ಕು ವಾರ ನೀನಿರಲಿಲ್ಲ, ನಿನ್ನ ಕೆಲಸವನ್ನೂ ನಾವೇ ಮಾಡಿದ್ವಿ, ಸದ್ಯ ಬಂದೆಯಲ್ಲ.’ ದಾವಣಗೆರೆಯ ಬಸ್‌ ಸ್ಟ್ಯಾಂಡಿನಲ್ಲಿ ಹೈಸ್ಕೂಲಿನ ಗೆಳೆಯ ಹತ್ತು ವರ್ಷದ ಮೇಲೆ ಎದುರಾದರೆ ಏನು ಅನ್ನುತ್ತಾನೆ? ‘ಏನ್ಲೇ, ಇನ್ನೂ ಬದುಕಿದ್ದೀಯಾ?’ ಅನ್ನುತ್ತಾನೆ. ಅದನ್ನು ಯಾರಾದರೂ ಪದ ಪದವಾಗಿ ಇಂಗ್ಲಿಷಿಗೆ ತಿರುಗಿಸಿ ಇವರಿಗೆ ಹೇಳಿದರೆ ಇವರೂ ಗಾಬರಿ ಬೀಳುತ್ತಾರೆ.

ನೀವು ಕ್ರಿಕೆಟ್ ಪ್ರೇಮಿ, ಹಾಗಾಗಿ ಇದು ನಿಮಗೆ ಇಷ್ಟವಾಗಬಹುದು. ಇಂಗ್ಲೆಂಡಿನವರು ಬ್ಯಾಟ್ಸ್‌ಮನ್ನರ ಮೈಗೆ ಗುರಿಯಿಟ್ಟು ಬೌಲ್ ಮಾಡಿದ 1932-33ರ ಬಾಡಿಲೈನ್ ಟೆಸ್ಟ್ ಸರಣಿಯ ಬಗ್ಗೆ ಇಲ್ಲಿ ಎಲ್ಲರೂ ಹೇಳುವ ಒಂದು ಕಥೆ ಇದೆ. ಆಸ್ಟ್ರೇಲಿಯಾದ ಆಟಗಾರರೊಬ್ಬರು ತನ್ನನ್ನು ಈ ಪದ ಬಳಸಿ ಬೈದರು ಎಂದು ಇಂಗ್ಲೆಂಡಿನ ನಾಯಕ ಡಗ್ಲಾಸ್ ಜಾರ್ಡಿನ್ ಆಸ್ಟ್ರೇಲಿಯಾದ ಡ್ರೆಸ್ಸಿಂಗ್ ರೂಮಿಗೆ ಬಂದು ದೂರು ಕೊಟ್ಟರಂತೆ. ಉಪನಾಯಕ ವಿಕ್ ರಿಚರ್ಡ್‌ಸನ್ ಒಳಗೆ ತಿರುಗಿ, ‘ಈ ಬಾಸ್ಟರ್ಡನ್ನು ಬಾಸ್ಟರ್ಡ್ ಅಂದ ಬಾಸ್ಟರ್ಡ್ ನಿಮ್ಮಲ್ಲಿ ಯಾರ್ರೋ?’ ಎಂದು ಕೇಳಿದರಂತೆ. ಒಂದೇ ವಾಕ್ಯದಲ್ಲಿ ಮೂರು ಸಲ. ಒಂದು ಎದುರಾಳಿಗೆ, ಒಂದು ದೂರಿಗೆ, ಇನ್ನೊಂದು ತನ್ನ ಪ್ರೀತಿಯ ಹುಡುಗರಿಗೆ. ಪದ ಒಂದೇ, ದನಿ ಬೇರೆ ಬೇರೆ.

‘ಮೇಟ್’ ಕೂಡ ಹಾಗೇ. ಅದರ ಅರ್ಥ ದನಿಯಲ್ಲಿರುತ್ತದೆ. ನಮ್ಮಲ್ಲಿ ಅದಕ್ಕೆ ಸರಿಯಾದ ಜೋಡಿ ಬೆಂಗಳೂರಿನ ‘ಗುರು’, ಕರಾವಳಿಯ ‘ಮಾರಾಯ’. ‘ಗುರು, ಸ್ವಲ್ಪ ಗಾಡಿ ಸರಿಸು’ ಅಂದಾಗ ಅವರೇನು ನಿಮಗೆ ಪಾಠ ಹೇಳಿದ ಗುರುಗಳಲ್ಲ. ಗುರುತೂ ಇಲ್ಲದವರು. ಅದೇ ‘ಗುರು’ವನ್ನು ಜೀವದ ಗೆಳೆಯನಿಗೂ ಅನ್ನುತ್ತೀರಿ. ಸಿಗ್ನಲ್‌ನಲ್ಲಿ ಗಾಡಿ ತಾಗಿಸಿದವನಿಗೆ ‘ಏನ್ ಗುರೂ!’ ಎಂದು ಕಣ್ಣು ಬಿಟ್ಟಾಗ ಅದು ಜಗಳದ ಶುರು. ಇಲ್ಲಿಯೂ ಪೆಟ್ರೋಲ್ ಬಂಕಿನವನು, ಪೊಲೀಸ್, ಪಕ್ಕದ ಮನೆಯವರು ಎಲ್ಲರಿಗೂ ‘ಮೇಟ್’. ಉದ್ದಕ್ಕೆ ಎಳೆದು ‘ಮೇ...ಟ್’ ಅಂದರೆ ಸಲಿಗೆ. ಹಲ್ಲು ಕಚ್ಚಿ ಗಿಡ್ಡಕ್ಕೆ ‘ಮೇಟ್’ ಅಂದರೆ ಎಚ್ಚರಿಕೆ. ಈ ಪದ ಇವರಿಗೆ ಎಷ್ಟು ಹತ್ತಿರದ್ದು ಎಂದು ತಿಳಿಯಲು ಒಂದು ಘಟನೆ ಸಾಕು. 2005ರಲ್ಲಿ ಕ್ಯಾನ್‌ಬೆರಾದ ಸಂಸತ್ ಭವನದ ಸೆಕ್ಯುರಿಟಿಯವರು ಬಂದವರನ್ನು ‘ಮೇಟ್’ ಎನ್ನಕೂಡದು ಎಂದು ಆದೇಶ ಹೊರಟಿತು. ದೇಶವೆಲ್ಲ ಗಲಾಟೆಯಾಗಿ ಒಂದೇ ದಿನದಲ್ಲಿ ಅದನ್ನು ವಾಪಸ್ ತೆಗೆದುಕೊಂಡರು.

ಹಾಗಾಗಿ ‘ಮೇಟ್’ ಅಂದ ಮಾತ್ರಕ್ಕೆ ಗೆಳೆಯನಾಗಲಿಲ್ಲ, ನಿಮ್ಮ ಅನುಮಾನ ಸರಿ. ಆದರೆ ನೀವು ಬೇಜಾರು ಮಾಡಿಕೊಂಡ ಆ ತುಂಡು ಹೆಸರಿದೆಯಲ್ಲ, ಅದಕ್ಕೆ ಬೆಲೆ ಜಾಸ್ತಿ. ಇವರು ಡೇವಿಡ್‌ನನ್ನು ಡೇವೋ ಮಾಡುತ್ತಾರೆ, ಬ್ಯಾರಿಯನ್ನು ಬಝಾ ಮಾಡುತ್ತಾರೆ. ಮಧ್ಯಾಹ್ನ ‘ಆರ್ವೋ’, ಪೆಟ್ರೋಲ್ ಬಂಕ್ ‘ಸರ್ವೋ’, ಆಂಬುಲೆನ್ಸಿನವರು ‘ಆಂಬೋ’. ದಿನವೂ ಕೈಗೆ ಸಿಗುವ ವಸ್ತುವನ್ನು, ಮನುಷ್ಯರನ್ನು ಇವರು ಮೊಟಕು ಮಾಡಿಕೊಳ್ಳುತ್ತಾರೆ. ನಾವು ಶ್ರೀನಿವಾಸನನ್ನು ಸೀನ, ನಾರಾಯಣನನ್ನು ನಾಣಿ, ಕೃಷ್ಣಮೂರ್ತಿಯನ್ನು ಕಿಟ್ಟಿ ಮಾಡುವುದಿಲ್ಲವೇ? ಪೂರ್ತಿ ಹೆಸರು ಹಿಡಿದು ಕರೆಯುವುದು ಬ್ಯಾಂಕಿನವರು. ನಿಮ್ಮ ಹೆಸರಿಗೆ ‘ಓ’ ಬಿದ್ದಿದೆ ಅಂದರೆ ಅವರ ಬಾಯಿಗೆ ನೀವು ರೂಢಿಯಾಗಿದ್ದೀರಿ. ಹಾಗೆ ಕರೆಯುವುದು ನಿಜಕ್ಕೂ ಇಷ್ಟವಿಲ್ಲದಿದ್ದರೆ ‘ನನ್ನನ್ನು ಹೀಗೆ ಕರೀರಿ’ ಎಂದು ಒಂದು ಗಿಡ್ಡ ಹೆಸರನ್ನು ನೀವೇ ಕೊಡಿ. ತಕ್ಷಣ ಬದಲಾಯಿಸುತ್ತಾರೆ.

ಆಡುಮಾತು ಕಲಿತರೆ ಗೆಳೆತನ ಸಿಗುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ, ಕೇಳಿ ಅರ್ಥ ಮಾಡಿಕೊಳ್ಳಲು ಕಲಿಯಿರಿ. ಆಡಲು ಅವಸರ ಬೇಡ. ಬಂದ ಆರು ತಿಂಗಳಿಗೆ ‘ಗಿಡ್ಡೇ’ (ನಮಸ್ಕಾರ), ‘ಫೇರ್ ಡಿಂಕಮ್’ (ನಿಜವಾಗ್ಲೂ) ಎಂದು ಶುರು ಮಾಡುವವರಿದ್ದಾರೆ. ಬೆಂಗಳೂರಿಗೆ ಬಂದ ಹೊಸಬರು ಎರಡೇ ವಾರಕ್ಕೆ ‘ಏನ್ ಮಗಾ’ ಅಂದರೆ ನಮ್ಮ ಕಿವಿಗೆ ಹೇಗೆ ಕೇಳಿಸುತ್ತದೆಯೋ ಇವರಿಗೂ ಹಾಗೇ ಕೇಳಿಸುತ್ತದೆ. ನಿಮ್ಮ ದಾವಣಗೆರೆ ಇಂಗ್ಲಿಷಿನಲ್ಲೇ ಮಾತಾಡಿ. ನಿಧಾನಕ್ಕೆ ಒಂದೊಂದು ಪದ ತಾನಾಗಿ ನಾಲಿಗೆಗೆ ಬರುತ್ತದೆ, ಆಗ ಅದು ನಿಮ್ಮದೇ ಆಗಿರುತ್ತದೆ.

ಕಿವಿಗೆ ಮಾತ್ರ ಕೆಲವು ತಿಳಿದಿರಲಿ. ‘ಹೌ ಯಾ ಗೋಯಿಂಗ್?’ ಅಂದರೆ ಹೇಗೆ ಹೋಗ್ತೀರಿ ಎಂದಲ್ಲ, ಹೇಗಿದ್ದೀರಿ ಎಂದು. ‘ಗುಡ್, ಯೂ?’ ಅಂದರೆ ಮುಗಿಯಿತು. ‘ಯಾ... ನಾ’ ಅಂದರೆ ಬೇಡ, ‘ನಾ... ಯಾ’ ಅಂದರೆ ಸರಿ. ಕೊನೆಯ ಪದವೇ ಉತ್ತರ. ನಾವು ‘ಹೂಂ... ಬೇಡ ಬಿಡಿ’ ಅನ್ನುತ್ತೇವಲ್ಲ, ಹಾಗೆ. ‘ನಾಟ್ ಬ್ಯಾಡ್’ ಅಂದರೆ ತುಂಬಾ ಚೆನ್ನಾಗಿದೆ ಎಂದರ್ಥ. ಇದು ಕನ್ನಡಿಗರಿಗೆ ಸುಲಭ. ನಮ್ಮ ಮನೆಯ ಹಿರಿಯರೂ ಒಳ್ಳೆಯ ಅಡುಗೆ ತಿಂದು ‘ಪರವಾಗಿಲ್ಲ’ ಎಂದೇ ಹೇಳುತ್ತಿದ್ದರು. ಇನ್ನೊಂದು ಎಚ್ಚರಿಕೆ. ಯಾವ ಟೀಮಿನ ಕಡೆ ಎಂದು ಹೇಳುವಾಗ ಅಮೆರಿಕದವರ ಹಾಗೆ ‘ರೂಟಿಂಗ್ ಫಾರ್’ ಅನ್ನಬೇಡಿ, ಇಲ್ಲಿ ಅದಕ್ಕೆ ಅಶ್ಲೀಲ ಅರ್ಥವಿದೆ. ‘ಬ್ಯಾರಕ್ ಫಾರ್’ ಅನ್ನಬೇಕು, ಇಲ್ಲವೇ ಸುಲಭವಾಗಿ ‘ಗೋ ಫಾರ್’.

ಇನ್ನು ಫುಟಿ. ಸಿಡ್ನಿ, ಬ್ರಿಸ್ಬೇನ್ ಕಡೆ ಫುಟಿ ಅಂದರೆ ರಗ್ಬಿ ಲೀಗ್, ಅದು ಬೇರೆ ಆಟ. ಮೆಲ್ಬರ್ನ್‌ನಲ್ಲಿ ಫುಟಿ ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್, ಅದರ ದೊಡ್ಡ ಲೀಗ್ ಎಎಫ್ಎಲ್. ನೀವು ‘ಕ್ರಿಕೆಟ್ ಬಿಟ್ಟು ಬೇರೆ ಗೊತ್ತಿಲ್ಲ’ ಅಂದುಕೊಂಡು ದೂರ ಉಳಿದಿದ್ದೀರಿ. ಈ ಆಟ ಹುಟ್ಟಿದ್ದೇ ಕ್ರಿಕೆಟ್ ಆಟಗಾರರಿಂದ. 1858ರ ಜುಲೈನಲ್ಲಿ ವಿಕ್ಟೋರಿಯಾ ತಂಡದ ಕ್ರಿಕೆಟಿಗ ಟಾಮ್ ವಿಲ್ಸ್ ಒಂದು ಪತ್ರಿಕೆಗೆ ಕಾಗದ ಬರೆದರು. ಚಳಿಗಾಲದಲ್ಲಿ ಸುಮ್ನೆ ಕೂತು ಮೈ ಜಡವಾಗುವ ಬದಲು ಕ್ರಿಕೆಟಿಗರು ಒಂದು ಫುಟ್‌ಬಾಲ್ ಕ್ಲಬ್ ಕಟ್ಟಲಿ ಎಂದು. ಮರುವರ್ಷ, 1859ರ ಮೇ ತಿಂಗಳಲ್ಲಿ, ನಿಯಮಗಳನ್ನು ಬರೆದೂ ಆಯಿತು. ಇಂಗ್ಲೆಂಡಿನಲ್ಲಿ ಸಾಕರ್‌ಗೆ ನಿಯಮ ಬರೆದದ್ದು 1863ರಲ್ಲಿ. ಹಾಗಾಗಿಯೇ ಫುಟಿ ಆಡುವುದು ಇವತ್ತಿಗೂ ಕ್ರಿಕೆಟ್ ಮೈದಾನದಲ್ಲಿ. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು. ನೀವು ಟಿವಿಯಲ್ಲಿ ಬಾಕ್ಸಿಂಗ್ ಡೇ ಟೆಸ್ಟ್ ನೋಡಿದ ಎಂಸಿಜಿಯಲ್ಲೇ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) ನಿಮ್ಮ ಶನಿವಾರದ ಆಟ ಇರಬಹುದು. ಒಂದು ಲಕ್ಷ ಜನ ಕೂರುವ ಜಾಗ ಅದು. ಇಲ್ಲಿಯವರ ಬಾಯಲ್ಲಿ ಬರೀ ‘ದ ಜಿ’.

ಆಟ ಅರ್ಥವಾಗಲು ಮೂರು ವಿಷಯ ಸಾಕು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಅಂಕ. ಸ್ವಲ್ಪ ತಪ್ಪಿ ಪಕ್ಕದ ಗಿಡ್ಡ ಕಂಬದೊಳಗೆ ಹೋದರೆ ‘ಬಿಹೈಂಡ್’, 1 ಅಂಕ. ಬೋರ್ಡಿನಲ್ಲಿ 12.8 (80) ಎಂದಿದ್ದರೆ 12 ಗೋಲ್, 8 ಬಿಹೈಂಡ್, ಒಟ್ಟು 80. ಒದ್ದ ಚೆಂಡು 15 ಮೀಟರ್ ಆದರೂ ಹಾರಿ, ನಡುವೆ ಯಾರಿಗೂ ತಾಗದೆ ಕೈಗೆ ಸಿಕ್ಕರೆ ಅದು ‘ಮಾರ್ಕ್’. ಹಿಡಿದವನನ್ನು ಆಮೇಲೆ ಯಾರೂ ಮುಟ್ಟುವ ಹಾಗಿಲ್ಲ, ನಿಂತು ಸಾವಧಾನವಾಗಿ ಒದೆಯಬಹುದು. ಮೂರನೆಯದು, ಚೆಂಡನ್ನು ಎಸೆಯುವಂತಿಲ್ಲ. ಒಂದು ಕೈಯಲ್ಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಚೆಂಡು ಹಿಡಿದು ಸಿಕ್ಕಿಬಿದ್ದವನನ್ನು ನೋಡಿ ಇಡೀ ಸ್ಟೇಡಿಯಂ ‘ಬಾ...ಲ್!’ ಎಂದು ಕೂಗುತ್ತದೆ. ನಮ್ಮ ಕಬಡ್ಡಿಯಲ್ಲಿ ರೈಡರ್ ಕಾಲು ಸಿಕ್ಕಾಗ ಏಳುವ ಕೂಗು ನೆನಪಾಗುತ್ತದೆ. ಕಬಡ್ಡಿಗೂ ಈ ಆಟಕ್ಕೂ ಹತ್ತಿರದ ನಂಟು ಇದೆ ಅನ್ನುವುದು ನನ್ನ ಬಹುದಿನದ ನಂಬಿಕೆ. 2024ರ ಡಿಸೆಂಬರ್‌ನಲ್ಲಿ ಪ್ರೊ ಕಬಡ್ಡಿಯವರು ಮೆಲ್ಬರ್ನ್‌ಗೆ ಬಂದು ಪ್ರದರ್ಶನ ಪಂದ್ಯ ಆಡಿದಾಗ ಎದುರಿಗೆ ನಿಂತವರು ನಿವೃತ್ತ ಫುಟಿ ಆಟಗಾರರೇ.

ಟೀಮ್ ಯಾವುದು ಎಂದು ಮೊದಲ ದಿನವೇ ಕೇಳುತ್ತಾರೆ. ಇಲ್ಲಿ ಅದು ಅಪ್ಪನಿಂದಲೋ ಬೀದಿಯಿಂದಲೋ ಬರುತ್ತದೆ, ಒಮ್ಮೆ ಹಿಡಿದರೆ ಸಾಯುವ ತನಕ ಬಿಡುವುದಿಲ್ಲ. ನೀವು ಆರ್‌ಸಿಬಿ ಅಭಿಮಾನಿಯಾಗಿದ್ದರೆ, ದಾವಣಗೆರೆಯವರು ಅಂದಮೇಲೆ ಆಗಿರಲೇಬೇಕು, ನಿಮಗೆ ಈ ಊರಿನ ಮನಸ್ಸು ಬೇಗ ಅರ್ಥವಾಗುತ್ತದೆ. ನಾವು ‘ಈ ಸಲ ಕಪ್ ನಮ್ದೇ’ ಎನ್ನುತ್ತಾ 2008ರಿಂದ 2025ರವರೆಗೆ ಕಾದೆವು. ವೆಸ್ಟರ್ನ್ ಬುಲ್‌ಡಾಗ್ಸ್ ಎಂಬ ಇಲ್ಲಿಯ ಟೀಮಿನವರು 1954ರಿಂದ 2016ರವರೆಗೆ ಕಾದರು. 62 ವರ್ಷ. ಮೊದಲ ಕಪ್ ನೋಡಿದ ಮಗುವಿಗೆ ಎರಡನೆಯದು ನೋಡುವ ಹೊತ್ತಿಗೆ ಮೊಮ್ಮಕ್ಕಳು. ಸೇಂಟ್ ಕಿಲ್ಡಾ ಗೆದ್ದಿರುವುದು ಒಂದೇ ಒಂದು ಸಲ, 1966ರಲ್ಲಿ, 74ಕ್ಕೆ 73. ಗೆಲ್ಲಿಸಿದ ಆ ಒಂದು ಅಂಕ ಬಂದದ್ದು ಗೋಲಿನಿಂದಲ್ಲ, ಗುರಿ ತಪ್ಪಿದ ಬಿಹೈಂಡ್‌ನಿಂದ. ಇಂಥ ಟೀಮನ್ನು ಹಿಡಿದು ಕೂತವರ ಪಕ್ಕ ಕೂತು ನೀವು ಆರ್‌ಸಿಬಿ ಕಥೆ ಹೇಳಿ ನೋಡಿ. ಅವರಿಗೆ ಐಪಿಎಲ್ ಗೊತ್ತಿರಬೇಕಾಗಿಲ್ಲ. ಕಾದವರ ಕಷ್ಟ ಕಾದವರಿಗೆ ತಿಳಿಯುತ್ತದೆ.

ಟೀಮ್ ಇನ್ನೂ ಇಲ್ಲದಿದ್ದರೆ ಅವಸರದಲ್ಲಿ ಆರಿಸಬೇಡಿ. ‘ಇನ್ನೂ ಇಲ್ಲ, ನೀವೇ ಹೇಳಿ’ ಅನ್ನಿ. ಗೋದಾಮಿನಲ್ಲಿ ಅರ್ಧ ಗಂಟೆ ವಾದ ನಡೆಯುತ್ತದೆ, ಎಲ್ಲರೂ ನಿಮ್ಮನ್ನು ತಮ್ಮ ಕಡೆ ಎಳೆಯುತ್ತಾರೆ. ಹಾಗೇ ‘ಫುಟಿ ಟಿಪ್ಪಿಂಗ್’ ಇದ್ದರೆ ಸೇರಿಕೊಳ್ಳಿ. 18 ಟೀಮ್ ಇರುವುದರಿಂದ ಪೂರ್ತಿ ರೌಂಡ್ ಇದ್ದ ವಾರ 9 ಪಂದ್ಯ. ಯಾರು ಗೆಲ್ಲುತ್ತಾರೆ ಎಂದು ಗುರುವಾರದ ಒಳಗೆ ಊಹಿಸಿ ಬರೆದುಕೊಡಬೇಕು. ಆಟ ಗೊತ್ತಿಲ್ಲದವರು ಮುಂದೆ ಬಂದು, ಎಲ್ಲ ಬಲ್ಲವರು ಹಿಂದೆ ಬೀಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಸೋಮವಾರದ ಟೀ ಹೊತ್ತಿನ ಮಾತಿಗೆ ನಿಮಗೂ ಒಂದು ತುದಿ ಸಿಗುತ್ತದೆ.

ಕುಡಿಯುವುದಿಲ್ಲ ಎಂಬ ಹೆದರಿಕೆ ಬೇಡ. ಇಲ್ಲಿ ತೂಕ ಇರುವುದು ‘ಶೌಟ್’ಗೆ. ನಾಲ್ಕು ಜನ ಕೂತರೆ ಒಬ್ಬೊಬ್ಬರು ಒಂದೊಂದು ಸುತ್ತು ಎಲ್ಲರಿಗೂ ತರುತ್ತಾರೆ. ಗ್ಲಾಸಿನಲ್ಲಿ ಬಿಯರ್ ಇದೆಯೋ ಲೆಮನ್ ಸ್ಕ್ವಾಷ್ ಇದೆಯೋ ಯಾರೂ ನೋಡುವುದಿಲ್ಲ. ನಿಮ್ಮ ಸರದಿ ಬಂದಾಗ ಎದ್ದು ಹೋದಿರಾ ಎಂಬುದನ್ನು ಮಾತ್ರ ನೋಡುತ್ತಾರೆ. ನಾವು ಬೆಣ್ಣೆ ದೋಸೆ ತಿಂದು ಕೌಂಟರ್ ಮುಂದೆ ‘ನಾನ್ ಕೊಡ್ತೀನಿ, ನೀನ್ ಬಿಡು’ ಎಂದು ಕೈ ಹಿಡಿದು ಎಳೆದಾಡುತ್ತೇವೆ. ಇಲ್ಲಿ ಆ ಎಳೆದಾಟ ಇಲ್ಲ. ಅವರ ಸರದಿಯಲ್ಲಿ ನೀವು ನುಗ್ಗಿ ಕೊಟ್ಟರೆ ಅದು ಧಾರಾಳ ಅಲ್ಲ, ಅವರ ಸರದಿಯನ್ನು ಕಿತ್ತುಕೊಂಡ ಹಾಗೆ. ನಿಮ್ಮ ಸರದಿಯಲ್ಲಿ ತಪ್ಪಿಸಿಕೊಂಡರಂತೂ ಆ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಒಂದು ಹನಿಯೂ ಬೇಡ ಅನ್ನುವವರು ‘ಲೆಮನ್ ಲೈಮ್ ಅಂಡ್ ಬಿಟರ್ಸ್’ ತೆಗೆದುಕೊಳ್ಳಬೇಡಿ. ಆ ಬಿಟರ್ಸ್‌ನಲ್ಲಿ ತುಸು ಆಲ್ಕೋಹಾಲ್ ಇರುತ್ತದೆ.

ಈಗ ನಿಮ್ಮ ಪತ್ರದ ನಿಜವಾದ ನೋವಿಗೆ ಬರುತ್ತೇನೆ. ‘ಮನಸ್ಸಿನ ಮಾತು ಹೇಳಿಕೊಳ್ಳಲು ಒಬ್ಬರೂ ಇಲ್ಲ’ ಎಂದು ಬರೆದಿದ್ದೀರಿ. ನಾನೂ ಅದೇ ಸಾಲನ್ನು ಎಷ್ಟೋ ರಾತ್ರಿ ಅಂದುಕೊಂಡಿದ್ದೇನೆ.

ನಮ್ಮ ಮಗ ಚಿಕ್ಕವನಿದ್ದಾಗ ಪಕ್ಕದ ಮೈದಾನದಲ್ಲಿ ಹುಡುಗರ ಫುಟಿ ಆಡುತ್ತಿದ್ದ. ಚಳಿಗಾಲದ ಬೆಳಿಗ್ಗೆ, ಹುಲ್ಲಿನ ಮೇಲೆ ಇಬ್ಬನಿ, ತಂದೆತಾಯಿಯರಲ್ಲಿ ಒಬ್ಬರು ಕಾಲು ಹೋಳು ಮಾಡಿದ ಕಿತ್ತಳೆ ಹಣ್ಣಿನ ಡಬ್ಬಿ ಹಿಡಿದು ನಿಂತಿರುತ್ತಿದ್ದರು. ಕ್ಲಬ್ಬಿನಲ್ಲಿ ಎಲ್ಲರಿಗೂ ಏನಾದರೊಂದು ಕೆಲಸ. ನನಗೆ ಸ್ಕೋರ್‌ಬೋರ್ಡ್ ಸಿಕ್ಕಿತು. ಮರದ ಹಲಗೆ, ಅದರಲ್ಲಿ ಮೊಳೆ, ಮೊಳೆಗೆ ನೇತುಹಾಕುವ ತಗಡಿನ ಅಂಕೆಗಳು. ಜೊತೆಗೆ ಇನ್ನೊಬ್ಬ ಹುಡುಗನ ಅಪ್ಪ. ಪ್ಲಂಬರ್. ಕೆಂಪು ಕೂದಲು, ಆದ್ದರಿಂದ ಎಲ್ಲರೂ ಕರೆಯುತ್ತಿದ್ದದ್ದು ‘ಬ್ಲೂಯಿ’ ಎಂದು. ಕೆಂಪು ಕೂದಲಿನವರಿಗೆ ನೀಲಿ ಎಂದು ಹೆಸರಿಡುವುದು ಇಲ್ಲಿಯ ಹಳೆಯ ರೂಢಿ. ಎರಡು ಚಳಿಗಾಲ ನಾವಿಬ್ಬರೂ ಪಕ್ಕ ಪಕ್ಕ ನಿಂತೆವು. ಮಾತು ಅಂದರೆ ‘ಚಳಿ’, ‘ಅದು ಗೋಲ್ ಅಲ್ಲ’, ‘ಆ ಏಳು ಕೊಡು’. ಇಷ್ಟೇ. ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದೆ, ಇವರ ಜೊತೆ ಎರಡು ವರ್ಷ ನಿಂತರೂ ಪರಿಚಯ ಆಗುವುದಿಲ್ಲ ಎಂದು.

ಮೂರನೆಯ ವರ್ಷದ ಜೂನ್‌ನಲ್ಲಿ ಸಾಗರದಿಂದ ರಾತ್ರಿ ಒಂದು ಗಂಟೆಗೆ ಫೋನ್ ಬಂತು. ಅಪ್ಪ ಹೋಗಿದ್ದರು. ಟಿಕೆಟ್ ಮಾಡಿ, ಶನಿವಾರ ಸ್ಕೋರ್‌ಬೋರ್ಡಿಗೆ ಬರಲಾಗುವುದಿಲ್ಲ, ಅಪ್ಪ ತೀರಿಕೊಂಡರು ಎಂದು ಅವನಿಗೆ ಒಂದು ಸಾಲು ಮೆಸೇಜ್ ಹಾಕಿದೆ. ನಾಲ್ಕೂವರೆಗೆ ಮನೆ ಮುಂದೆ ಗಾಡಿ ನಿಂತ ಸದ್ದು. ಬ್ಲೂಯಿ. ನಾನು ಬಾ ಎಂದಿರಲಿಲ್ಲ. ನಮ್ಮ ಮೂವರ ಸೂಟ್‌ಕೇಸನ್ನು ಹಿಂದಕ್ಕೆ ಹಾಕಿದ, ಟಲ್ಲಮರೀನ್ ಏರ್‌ಪೋರ್ಟಿನವರೆಗೆ ಬಿಟ್ಟ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಇಳಿಯುವಾಗ ಭುಜದ ಮೇಲೆ ಕೈಯಿಟ್ಟು ‘ಯೂ ರೈಟ್, ಮೇಟ್?’ ಅಂದ. ಮೂರು ವಾರ ಬಿಟ್ಟು ಬಂದಾಗ ಮನೆ ಮುಂದಿನ ಹುಲ್ಲು ನೀಟಾಗಿ ಕತ್ತರಿಸಿತ್ತು. ಕಸದ ಡಬ್ಬಿಗಳು ಒಳಗಿದ್ದವು. ತಿಂಗಳುಗಟ್ಟಲೆ ತೊಟ್ಟಿಕ್ಕುತ್ತಿದ್ದ ಹಿತ್ತಲಿನ ನಲ್ಲಿ ನಿಂತಿತ್ತು. ಥ್ಯಾಂಕ್ಸ್ ಅಂದರೆ ‘ನೋ ಡ್ರಾಮಾಸ್’ ಎಂದು ತಗಡಿನ ಅಂಕೆಗಳ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ.

ಆ ಸೀಸನ್ನಿನ ಕೊನೆಯ ಪಂದ್ಯದ ದಿನ, ಮೈದಾನದ ಮೇಲಿನ ಕಣ್ಣು ತೆಗೆಯದೆ, ‘ನಿನ್ನ ಓಲ್ಡ್ ಮ್ಯಾನ್ ಹೇಗಿದ್ದರು?’ ಎಂದು ಕೇಳಿದ. ಓಲ್ಡ್ ಮ್ಯಾನ್ ಅಂದರೆ ಅಪ್ಪ. ನಾನು ಅಡಿಕೆ ತೋಟದಿಂದ ಶುರು ಮಾಡಿದೆ. ಆಟದ ಒಂದು ಕ್ವಾರ್ಟರ್ (ಕಾಲುಭಾಗ) ಪೂರ್ತಿ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ, ನಾನು ಅವನ ಮುಖ ನೋಡಲಿಲ್ಲ. ಹಾಗಿದ್ದದ್ದಕ್ಕೇ ನನಗೆ ಹೇಳಲು ಆಯಿತು. ಆಟ ಮುಗಿದ ಸೈರನ್ ಆದ ಮೇಲೆ ಅವನು ತನ್ನ ಅಪ್ಪನ ವಿಷಯ ಹೇಳಿದ.

ನಾನು ಕಂಡ ಮಟ್ಟಿಗೆ ಇಲ್ಲಿಯ ಗಂಡಸರ ಗೆಳೆತನ ಹೀಗೆ ಬೆಳೆಯುತ್ತದೆ. ಎದುರು ಬದುರು ಕೂತು ಅಲ್ಲ, ಭುಜಕ್ಕೆ ಭುಜ ಕೊಟ್ಟು ಬೇರೆ ಏನನ್ನೋ ನೋಡುತ್ತಾ. ನಾವು ಕಟ್ಟೆಯ ಮೇಲೆ ಕೂತು ಮಾತಾಡುತ್ತಾ ಗೆಳೆಯರಾಗುತ್ತೇವೆ. ಇವರು ಒಟ್ಟಿಗೆ ಕೆಲಸ ಮಾಡುತ್ತಾ ಗೆಳೆಯರಾಗಿ, ಮಾತನ್ನು ಕೊನೆಗೆ ಆಡುತ್ತಾರೆ. ಇದೇ ವಿಕ್ಟೋರಿಯಾದ ಟಾಂಗಾಲಾ ಎಂಬ ಸಣ್ಣ ಊರಿನಲ್ಲಿ 1998ರಲ್ಲಿ ಗಂಡಸರಿಗೆಂದೇ ಒಂದು ‘ಮೆನ್ಸ್ ಶೆಡ್’ ತೆರೆದರು. ನಿವೃತ್ತರು, ಒಂಟಿಯಾದವರು ಬಂದು ಮರಗೆಲಸ ಮಾಡುತ್ತಾರೆ, ಹಳೆಯ ಸೈಕಲ್ ರಿಪೇರಿ ಮಾಡುತ್ತಾರೆ, ಕೈ ಕೆಲಸ ಮಾಡುತ್ತಿರುವಾಗ ಬಾಯಿ ತಾನಾಗಿ ತೆರೆಯುತ್ತದೆ. ಈಗ ಇಂಥ ಶೆಡ್‌ಗಳು ದೇಶದ ತುಂಬ ಇವೆ. 2009ರಲ್ಲಿ ಶುರುವಾದ ‘ಆರ್ ಯೂ ಓಕೆ?’ ದಿನವೂ ಈಗ ಸೆಪ್ಟೆಂಬರ್‌ನ ಎರಡನೆಯ ಗುರುವಾರ ನಡೆಯುತ್ತದೆ. ಬೇಕೆಂದೇ ಒಂದು ದಿನ ಇಟ್ಟು ಕೇಳಬೇಕಾಯಿತು ಅಂದರೆ ಕೇಳುವುದು ಇವರಿಗೂ ಸುಲಭವಲ್ಲ ಎಂದು ತಿಳಿಯಿರಿ. ಆದ್ದರಿಂದ ಒಂದೂವರೆ ವರ್ಷದಲ್ಲಿ ಯಾರೂ ನಿಮ್ಮ ಮನೆ ವಿಷಯ ಕೇಳಲಿಲ್ಲ ಎಂದು ನೊಂದುಕೊಳ್ಳಬೇಡಿ. ಕೇಳದೆ ಇರುವುದನ್ನು ಅವರು ಮರ್ಯಾದೆ ಎಂದುಕೊಂಡಿದ್ದಾರೆ.

ನೀವು ಮಾಡಬೇಕಾದದ್ದು, ಪ್ರತಿ ವಾರ ಅದೇ ಹೊತ್ತಿಗೆ ಅದೇ ಜನರ ಪಕ್ಕ ನಿಲ್ಲುವಂಥ ಒಂದು ಜಾಗ ಹುಡುಕುವುದು. ನಿಮಗೆ ಅದು ಕ್ರಿಕೆಟ್ಟೇ ಆಗಬಹುದು. ಈಗ ಭಾನುವಾರ ನಮ್ಮವರ ಜೊತೆ ಆಡುತ್ತಿದ್ದರೆ ಅದನ್ನು ಬಿಡಬೇಡಿ. ಕನ್ನಡ ಮಾತಾಡದೆ ವಾರ ಕಳೆದರೆ ಮನಸ್ಸು ಒಣಗುತ್ತದೆ. ಅದರ ಜೊತೆಗೆ, ಬೇಸಿಗೆ ಶುರುವಾಗುವ ಮೊದಲು ನಿಮ್ಮ ಬಡಾವಣೆಯ ಕ್ಲಬ್ಬಿಗೆ ಹೋಗಿ. ಸಾಮಾನ್ಯವಾಗಿ ಮಂಗಳವಾರ, ಗುರುವಾರ ಸಂಜೆ ನೆಟ್ಸ್ ಇರುತ್ತದೆ. ಮೂರನೆಯ, ನಾಲ್ಕನೆಯ ಇಲೆವೆನ್‌ಗೆ ಯಾವಾಗಲೂ ಆಳು ಕಡಿಮೆ. ನೀವು ಎಷ್ಟು ಚೆನ್ನಾಗಿ ಆಡುತ್ತೀರಿ ಅನ್ನುವುದಕ್ಕಿಂತ ಆಟ ಮುಗಿದ ಮೇಲೆ ಬೌಂಡರಿಯ ಕೋನ್ ಎತ್ತಿಡಲು ನಿಲ್ಲುತ್ತೀರಾ ಅನ್ನುವುದನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕಾಲೆಳೆಯುವುದಕ್ಕೂ ಅವಮಾನಕ್ಕೂ ಗೆರೆ ಇದೆ. ತಡವಾಗಿ ಬಂದದ್ದು, ಕ್ಯಾಚ್ ಬಿಟ್ಟದ್ದು, ನಾಲ್ಕು ವಾರ ರಜೆ ಹಾಕಿದ್ದು, ಹೀಗೆ ನೀವು ಮಾಡಿದ್ದನ್ನು ಹಿಡಿದು ರೇಗಿಸಿದರೆ ಸಲಿಗೆ. ನೀವೂ ತಿರುಗಿಸಿ ರೇಗಿಸಬಹುದು, ಅದಕ್ಕೆ ಅವರು ಕಾಯುತ್ತಲೂ ಇರುತ್ತಾರೆ. ಬಣ್ಣ, ಊರು, ದೇವರು, ಮಾತಿನ ಧಾಟಿ ಹಿಡಿದು ಆಡಿದರೆ ಅದು ಸಲಿಗೆಯಲ್ಲ. ಈ ಪಾಠವನ್ನು ಫುಟಿ ಕೂಡ ಬಹಳ ನೋವುಂಡು ಕಲಿಯಿತು. 1993ರ ಏಪ್ರಿಲ್ 17ರಂದು ವಿಕ್ಟೋರಿಯಾ ಪಾರ್ಕಿನಲ್ಲಿ ಜನ ತನ್ನ ಬಣ್ಣ ಹಿಡಿದು ಬೈದಾಗ, ಸೇಂಟ್ ಕಿಲ್ಡಾದ ಮೂಲನಿವಾಸಿ ಆಟಗಾರ ನಿಕಿ ವಿನ್‌ಮಾರ್ ಆಟ ಮುಗಿದ ಮೇಲೆ ಜನರತ್ತ ತಿರುಗಿ ಜರ್ಸಿ ಎತ್ತಿ ತನ್ನ ಮೈಬಣ್ಣವನ್ನು ಬೆರಳಿಟ್ಟು ತೋರಿಸಿದರು. 1995ರಲ್ಲಿ ಮೈದಾನದ ಜನಾಂಗೀಯ ಬೈಗುಳದ ವಿರುದ್ಧ ನಿಯಮ ಬಂತು. ಆದರೂ 2015ರಲ್ಲಿ ಆ್ಯಡಮ್ ಗೂಡ್ಸ್ ಎಂಬ ಇನ್ನೊಬ್ಬ ದೊಡ್ಡ ಮೂಲನಿವಾಸಿ ಆಟಗಾರನಿಗೆ ವಾರ ವಾರವೂ ಜನ ಛೀಮಾರಿ ಕೂಗಿದರು. ಅವರು ಆ ವರ್ಷವೇ ಆಟ ಬಿಟ್ಟರು. 2019ರಲ್ಲಿ ಎಎಫ್ಎಲ್ ಮತ್ತು 18 ಕ್ಲಬ್‌ಗಳು ಅವರ ಕ್ಷಮೆ ಕೇಳಿದವು. ನಿಮಗೆ ಅಂಥ ಮಾತು ಬಂದರೆ ನಕ್ಕು ಸುಮ್ಮನಾಗಬೇಡಿ. ದನಿ ಏರಿಸದೆ ‘ನಾಟ್ ಆನ್, ಮೇಟ್’ ಅನ್ನಿ. ಇದು ಸಲ್ಲ ಎಂದು ಹೇಳುವ ಇಲ್ಲಿಯದೇ ಮಾತು ಅದು. ಪಕ್ಕದವರು ಆಗ ಏನು ಮಾಡುತ್ತಾರೆ ನೋಡಿ. ನಿಮ್ಮ ಕಡೆ ನಿಂತವರು ಯಾರು ಎಂದು ಆ ಕ್ಷಣದಲ್ಲೇ ಗೊತ್ತಾಗುತ್ತದೆ.

ಶನಿವಾರಕ್ಕೆ ದಪ್ಪ ಜಾಕೆಟ್ ತೆಗೆದಿಡಿ. ಎಂಸಿಜಿಗಾದರೆ ರೈಲಿನಲ್ಲಿ ರಿಚ್ಮಂಡ್ ಅಥವಾ ಜೊಲಿಮಾಂಟ್‌ನಲ್ಲಿ ಇಳಿಯಬೇಕು. ಮಾಂಸ ತಿನ್ನುವವರಲ್ಲದಿದ್ದರೆ ಮೀಟ್ ಪೈ ಬಿಟ್ಟು ಬಿಸಿ ಚಿಪ್ಸ್ ತೆಗೆದುಕೊಳ್ಳಿ. ಆಟ ಅರ್ಥವಾಗದ ಕಡೆ ಕೇಳಿ, ಹೇಳಿಕೊಡುವುದು ಅವರಿಗೆ ಖುಷಿ. ಸೈರನ್ ಆದ ಕೂಡಲೇ ಓಡಬೇಡಿ, ಅವರ ಜೊತೆ ಸ್ಟೇಷನ್ನಿನವರೆಗೆ ನಡೆಯಿರಿ. ಆ ಗುಂಪಿನಲ್ಲಿ ನಿಧಾನಕ್ಕೆ ಹೆಜ್ಜೆ ಹಾಕುವ ಹತ್ತು ಹದಿನೈದು ನಿಮಿಷದಲ್ಲಿ ಎಂಥ ಮಾತಾದರೂ ಬರಬಹುದು. ಟಿಕೆಟ್ ದುಡ್ಡು ಅವರು ತೆಗೆದುಕೊಳ್ಳದಿದ್ದರೆ ಎಳೆದಾಡಬೇಡಿ. ‘ನೆಕ್ಸ್ಟ್ ಒನ್ಸ್ ಮೈ ಶೌಟ್’ ಅನ್ನಿ, ಮುಂದಿನ ಪಂದ್ಯ ಯಾವತ್ತು ಎಂದು ಅಲ್ಲೇ ಕೇಳಿಕೊಳ್ಳಿ.